ಚಳಿಗೆ ಕಾದ ಸೇನೆ

ನವೆಂಬರ್ 14, ಶುಕ್ರವಾರ

ನಾನು ಮ್ಯೂಸಿಯಂಗೆ ಬರೆದ ಮೊದಲ ಫಲಕ ನಾಳೆ ಅಚ್ಚಿಗೆ ಹೋಗಬೇಕು. 'ರಷ್ಯದ ಕೊರೆಯುವ ಚಳಿಯನ್ನೂ ಹೆಪ್ಪುಗಟ್ಟಿದ ನದಿಗಳನ್ನೂ ಲೆಕ್ಕಿಸದೆ ನಮ್ಮ ಮಂಗೋಲ್ ಸೇನೆ ಮುನ್ನುಗ್ಗಿತು.' ಮುಖ್ಯಸ್ಥೆ ಸರಂಗೆರೆಲ್ ಅಕ್ಕ ಎಲ್ಲರೆದುರು ಹೊಗಳಿದ್ದ ಸಾಲು.

ಮಧ್ಯಾಹ್ನ ಚಳಿಗಾಲಕ್ಕೆಂದು ಕೂಡಿಡುವ ಮಾಂಸ ಕೊಡಲು ಮ್ಯೂಸಿಯಂಗೇ ಬಂದ ದಮ್ದಿನ್ ಮಾವ ಅದನ್ನು ಓದಿ ನಕ್ಕುಬಿಟ್ಟರು.

"ಕುದುರೆ ಸಾಕೋರ ಮನೆ ಹುಡುಗಿ ಬರೆದಿದ್ದಾ ಇದು? ಬೇಸಿಗೇಲಿ ಕುದುರೆ ಮೇಯ್ದು ಕೊಬ್ಬಬೇಕು ಕಣೇ. ನದಿ ಗಟ್ಟಿಯಾದ್ಮೇಲೆ ಹೊರಟ್ರೆ ಸೇತುವೆ ಬೇಡ, ದೋಣಿ ಬೇಡ. ಅವರು ಚಳಿಗೇ ಕಾದಿದ್ರು."

ನಾನು ಹೇಳದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅಕ್ಕನ ಕೋಣೆಯ ಹೊರಗೆ ಅರ್ಧ ಗಂಟೆ ನಿಂತೆ. ಕೊನೆಗೆ ಮಾವನೇ ಬೆನ್ನಿಗೆ ತಟ್ಟಿದರು.

"ಒಳಗೆ ಖಾನ್ ಕೂತಿಲ್ಲ, ಹೋಗೇ."

ತಪ್ಪಾಗಿದೆ ಎಂದು ಹೇಳಿದೆ. ಅಕ್ಕ ಆ ಸಾಲನ್ನು ಹೊಡೆದುಹಾಕಿ, "ನಾನೂ ಕುದುರೆಗಳ ಮಧ್ಯೆಯೇ ಬೆಳೆದೋಳು. ನಂಗೂ ಹೊಳೀಲಿಲ್ಲ ನೋಡು. ಮಾವನ್ನ ಕರಿ, ಚಹಾ ಕುಡೀಲಿ" ಎಂದರು.

ಹೊಸ ಸಾಲು ಸಪ್ಪೆಯಾಗಿದೆ: 'ನದಿಗಳು ಹೆಪ್ಪುಗಟ್ಟಲೆಂದು ಕಾದು ಸೇನೆ ಹೊರಟಿತು.' ಆದರೂ ಎಷ್ಟು ಸಲ ಓದಿದರೂ ಖುಷಿಯಾಗುತ್ತಿದೆ.

ಹೊಳೆ ತಮ್ಮನ್ನು ಕಾಯುತ್ತದೆಂದು ನಂಬಿದ್ದ ಆಚೆ ದಡದ ಊರಿನವರು, ನೀರು ಕಲ್ಲಾದ ಬೆಳಿಗ್ಗೆ ಎದ್ದು ಏನು ನೋಡಿದರೋ. ಅವರಿಗೂ ಒಂದು ಸಾಲು ಬೇಕು. ನಾಳೆ ನಾನೇ ಕೇಳುತ್ತೇನೆ, ಜಾಗವಿಲ್ಲವೆಂದರೆ ನನ್ನ ಸಾಲನ್ನೇ ಇನ್ನಷ್ಟು ಚಿಕ್ಕದು ಮಾಡುತ್ತೇನೆ.