ಗಂಟೆ ಬಾರಿಸದೆ ಹೇಳಿದ ಹೆಸರು

ಅಕ್ಕವ್ವ ಗಂಗವ್ವನಿಗೆ, ಪುಣೆಯ ರವಿವಾರ ಪೇಟೆಯ ತಂಬಾಕಿನ ಅಂಗಡಿಯಿಂದ ನಿನ್ನ ತಮ್ಮ ಗುರಪ್ಪನ ಶರಣು.

ಇಲ್ಲಿ ಎಲ್ಲರೂ ಕ್ಷೇಮ. ನಿನ್ನ ಕ್ಷೇಮಕ್ಕೆ ತಿರುಗಿ ಬರೆ ಎಂದು ಬರೆಯಲು ಕೈ ಹೋಗಿತ್ತು, ತಡೆದೆ. ನೀನು ಲಿಂಗೈಕ್ಯಳಾಗಿ ಎರಡು ವರ್ಷ ಮೇಲಾಯಿತಲ್ಲ. ನಮ್ಮೂರ ಸಾಲಿಯಲ್ಲಿ ನಾಲ್ಕನೇ ಇಯತ್ತೆ ಪಾಸಾದವರಲ್ಲಿ ನನ್ನಷ್ಟು ಚೆಂದದ ಅಕ್ಷರ ಯಾರದೂ ಇರಲಿಲ್ಲ ಎಂದು ಮಾಸ್ತರರೇ ಹೇಳಿದ್ದರು. ಪಾಸಾದವರು ಇಬ್ಬರೇ ಎಂಬುದನ್ನು ನೀನು ಬಂದವರಿಗೆಲ್ಲ ಹೇಳುತ್ತಿದ್ದೆ. ಇರಲಿ. ಆ ಚೆಂದದ ಅಕ್ಷರದಲ್ಲೇ ಇವತ್ತು ಒಂದು ತಪ್ಪು ಒಪ್ಪಿಕೊಳ್ಳುವುದಿದೆ. ನಿನ್ನ ಹೆಸರಿನಲ್ಲಿ ನಾನು ಒಂದು ಸುಳ್ಳು ಹೇಳಿದ್ದೇನೆ, ಅಕ್ಕ. ಸಣ್ಣದಲ್ಲ. ನಾನು ಯಾವುದನ್ನು ಸಣ್ಣದು ಮಾಡಿದ್ದೇನೆ ಹೇಳು?

ನಿನ್ನ ಮಗ ಬಸವರಾಜ ತನ್ನ ಲಗ್ನದ ಮಾತು ತೆಗೆದ ದಿನ ನೀನು ರೊಟ್ಟಿ ಬಡಿಯುತ್ತಿದ್ದೆ. ದವಾಖಾನೆಯಲ್ಲಿ ಕಂಪೌಂಡರನಾಗಿ ದಿನವೂ ಸೂಟು ಬೂಟಿನವರಿಗೆ ಔಷಧ ಕೊಡುವ ಹುಡುಗ, ಅಂದು ಒಲೆಯ ಮುಂದೆ ತಲೆ ತಗ್ಗಿಸಿ ಕೂತಿದ್ದ.

"ಅವ್ವ, ಎಲನ್ ಅಂತ. ಖಡಕಿ ಹಾರ್ಪರ್ ಸಾಹೇಬರ ಮಗಳು. ಲಗ್ನ ಆದ್ರ ಅಕೀನ್ನ ಆಗಬೇಕಂತೀನಿ."

"ಕಿರಸ್ತಾನರೇನು?"

"ಅವರೊಳಗ ಬ್ಯಾರೆ ಪಂಥ. ಮಾರ್ಮನ್ ಅಂತಾರ. ಚಹಾ ಕುಡಿಯಂಗಿಲ್ಲ, ಕಾಫಿ ಕುಡಿಯಂಗಿಲ್ಲ, ಸೆರೆ ಇಲ್ಲ, ತಂಬಾಕು ಇಲ್ಲ."

ನೀನು ನನ್ನ ಕಡೆ ನೋಡಿದೆ. "ಹಂಗಾರ ನಿಮ್ಮ ಮಾವನ್ನ ಆ ಮನಿ ಹೊಸ್ತಿಲಾ ದಾಟಿಸಿದಂಗ ಆತು." ಮತ್ತೆ ಮಗನಿಗೆ, "ಅವರೊಳಗ ಒಬ್ಬೊಬ್ಬಗ ನಾಕ್ನಾಕು ಹೆಂಡರಂತಲ್ಲೋ?"

"ಅದನ್ನ ಅವರು ಎಂದೋ ಬಿಟ್ಟಾರವ್ವ."

"ನಮ್ಮೂರ ಗೌಡಗ ಮೂರು ಮಂದಿ," ಎಂದೆ ನಾನು. "ಅಂವ ಬಂದ್ರ ನೀ ಎದ್ದು ನಿಂತು ಶರಣಂತಿದ್ದಿ."

ನೀನು ನಕ್ಕೆ. ನಕ್ಕಿದ್ದು ನನಗೆ ಚೆನ್ನಾಗಿ ನೆನಪಿದೆ. ಆಮೇಲೆ ರೊಟ್ಟಿಯ ಮೇಲಿನ ಕೈ ನಿಂತಿತು. "ಹೆಳವ ನನ್ನ ಮಗನ ಹೆಸರಿಗೆ ಗಂಟಿ ಬಾರಸ್ತಾನ," ಎಂದೆ ನೀನು. ಆ ರೊಟ್ಟಿ ಹೊತ್ತಿತು.

ಆ ಗಂಟೆಯ ಭಯ ನಿನಗೆ ಅಂಟಿದ್ದು ಹೊಸ ಸೊಸೆಯಾಗಿ ಬೈಲಹೊಂಗಲದ ಕಡೆಯ ನಿನ್ನ ಗಂಡನ ಊರಿಗೆ ಹೋದ ವರ್ಷ. ಸುಗ್ಗಿ ಮುಗಿದ ಮೇಲೆ ಹೆಳವ ಎತ್ತಿನ ಮೇಲೆ ಕೂತು ಅಂಗಳಕ್ಕೆ ಬಂದು, ಮನೆತನದ ಹಿರಿಯರ ಹೆಸರನ್ನು ಬುಡದಿಂದ ಚಿಗುರಿನವರೆಗೆ ಹಾಡಿದ ಹಾಗೆ ಹೇಳುತ್ತ ಹೋದನಂತೆ. ನಿನ್ನ ಮಾವನ ತಮ್ಮನ ಸರದಿ ಬಂದಾಗ ಮಾತ್ರ ಹೆಸರಿಲ್ಲ. ಕೈಯಲ್ಲಿದ್ದ ಗಂಟೆಯನ್ನು ಒಂದೇ ಸಲ ಬಾರಿಸಿ ಮುಂದೆ ಹೋದ. ನೀನು ಕೇಳಿದ್ದಕ್ಕೆ ಅತ್ತೆ, "ಅಂವ ಮುಸಲ್ಮಾನ ನೇಕಾರರ ಹುಡುಗೀನ್ನ ಕಟ್ಟಿಕೊಂಡು ಹೋದ. ನಮ್ಮ ಪಾಲಿಗೆ ಅಂವ ಇಲ್ಲ" ಎಂದಿದ್ದಳು. ಮನೆಯ ಮಗನ ಜಾಗದಲ್ಲಿ ಬರೀ ಒಂದು ಸದ್ದು! ಗಂಡ ತೀರಿಕೊಂಡು ಮಗನ ಜೊತೆ ಪುಣೆಗೆ ನನ್ನ ಮನೆಗೆ ಬಂದ ಮೇಲೂ ಬಿಡದೆ, ಅದನ್ನು ನೀನು ಮೂವತ್ತು ವರ್ಷ ಕಿವಿಯಲ್ಲಿ ಇಟ್ಟುಕೊಂಡೆ.

ಕಡೆಯ ದಿನಗಳಲ್ಲಿ ನನ್ನ ಕೈ ಹಿಡಿದು ನೀನು ಹೇಳಿದ್ದೂ ಅಷ್ಟೇ: "ಗುರಪ್ಪ, ಗಂಟಿ ಬಾರಸಗೊಡಬ್ಯಾಡ." ಲಗ್ನ ತಪ್ಪಿಸು ಅಂದೆಯೋ, ಹೆಸರು ಉಳಿಸು ಅಂದೆಯೋ... ಕೇಳಲು ನೀನು ಸಮಯ ಕೊಡಲಿಲ್ಲ. ಬಸವರಾಜ, ಅವ್ವ ಒಪ್ಪದ ಲಗ್ನ ಬೇಡ ಎಂದು ಮಾತೇ ಮುಚ್ಚಿಬಿಟ್ಟ. ದವಾಖಾನೆಗೆ ಹೋಗುವುದು, ಬರುವುದು, ಉಣ್ಣುವುದು. ಅವನು ಉಣ್ಣುವುದನ್ನು ನೋಡಿದರೆ ನನಗೇ ಊಟ ಸೇರುತ್ತಿರಲಿಲ್ಲ. ನನಗೆ ಊಟ ಸೇರದೆ ಇರುವುದು ಅಂದರೆ ಏನು ಅಂತ ನಿನಗೆ ಗೊತ್ತು.

ಕೊನೆಗೆ ಒಂದು ರವಿವಾರ ಜರತಾರಿ ರುಮಾಲು ಸುತ್ತಿಕೊಂಡು, ಮೂಗಿಗೇರಿಸುವ ತಪಕೀರಿನ ಡಬ್ಬಿಯನ್ನು ಟಾಂಗಾದವನ ಕೈಗೆ ಕೊಟ್ಟು, ಬಸವರಾಜನನ್ನು ಎಳೆದುಕೊಂಡು ಖಡಕಿಗೆ ಹೋದೆ. ಹಾರ್ಪರ್ ಸಾಹೇಬರು ಎತ್ತರದ ಮನುಷ್ಯ, ಕಾರ್ಖಾನೆಯಲ್ಲಿ ಫಿಟ್ಟರು. ಅವರ ಹಿಂದುಸ್ತಾನಿ, ನನ್ನ ಮರಾಠಿ, ತೊಡಕಾದಲ್ಲಿ ಬಸವರಾಜ. ನಿಂಬೆಹಣ್ಣಿನ ಪಾನಕ ಕೊಟ್ಟರು. ಅವರ ಅಜ್ಜ ದಂಡಿನಲ್ಲಿ ತೋಪಿನವನಾಗಿದ್ದಾಗ ಅಮೇರಿಕದ ಬೋಧಕರು ಬಂದು ಅವನನ್ನು ಇಲ್ಲಿಯ ನದಿಯಲ್ಲಿ ಮುಳುಗಿಸಿ ಪಂಥಕ್ಕೆ ಸೇರಿಸಿಕೊಂಡರಂತೆ. ಬೋಧಕರು ತಿರುಗಿ ಹೋದರು. ಮತ್ತೆ ಯಾರೂ ಬರಲಿಲ್ಲ.

"ಈ ಊರಾಗ ನಿಮ್ಮ ಪಂಥದ ಗಂಡಸರು ಎಷ್ಟು ಮಂದಿರಿ?" ಎಂದೆ.

"ನಾನೊಬ್ಬ," ಎಂದರು.

"ಹಂಗಾರ ವರ ಆರಸೂದು ಸಸಾರ ಬಿಡ್ರಿ."

ಸಾಹೇಬರು ನಗಲಿಲ್ಲ. ಒಂದು ದಪ್ಪ ಪುಸ್ತಕ ತಂದು ಮುಂದಿಟ್ಟರು. ಅವರ ಮನೆತನದ ಹೆಸರುಗಳು. ನಾಲ್ಕು ತಲೆ ಹಿಂದಕ್ಕೆ ಹೋಗಿ ಬಿಳಿ ಹಾಳೆ. "ನಮ್ಮ ನಂಬಿಕೆಯಲ್ಲಿ ಮನೆಯವರು ಸತ್ತ ಮೇಲೂ ಕೊಂಡಿಗೆ ಕೊಂಡಿ ಕೂಡಿ ಇರುತ್ತೇವೆ. ಸತ್ತವರನ್ನು ಹುಡುಕಿ ಹುಡುಕಿ ಸೇರಿಸಿಕೊಳ್ಳುತ್ತೇವೆ. ಅದಕ್ಕೇ ಹೆಸರು ಬರೆದಿಡುವುದು. ಇವಳು ಹೊರಗೆ ಮದುವೆಯಾದರೆ ಸರಪಳಿ ನನ್ನ ಕೈಯಲ್ಲೇ ತುಂಡಾಗುತ್ತದೆ," ಎಂದರು. ಬಾಗಿಲಲ್ಲಿ ನಿಂತಿದ್ದ ಹುಡುಗಿ ಕಣ್ಣೊರೆಸಿಕೊಂಡಳು. ಅಕ್ಕ, ನೀನು ಒಲೆಯ ಮುಂದೆ ಆಡಿದ ಮಾತನ್ನೇ ಆ ಮನುಷ್ಯ ಮೇಜಿನ ಮುಂದೆ ಕೂತು ಆಡುತ್ತಿದ್ದ.

ಆಗ ನನ್ನ ನಾಲಿಗೆ ಸುಮ್ಮನಿರುತ್ತದೆಯೇ? "ನಾಕು ತಲೀ ಏನ್ರಿ ಸಾಹೇಬ್ರ, ನಮ್ಮ ಹುಡುಗನ ಮನೆತನ ನಲವತ್ತು ತಲೀದು. ಎಲ್ಲಾ ಬಾಯಿಪಾಠ ಹೇಳಾಂವ ಒಬ್ಬ ಅದಾನ. ಕರಕೊಂಡು ಬರ್ತೀನಿ" ಎಂದುಬಿಟ್ಟೆ. ಬಸವರಾಜ ನನ್ನ ಕಾಲು ತುಳಿದ. ಸಾಹೇಬರು ಚಸ್ಮಾ ತೆಗೆದು ನನ್ನನ್ನೇ ನೋಡಿದರು. "ಕರೆತನ್ನಿ," ಎಂದರು.

ಹೆಳವನನ್ನು ಊರಿನಿಂದ ಹೊರಡಿಸಿದ್ದು ನಾನಾದ್ದರಿಂದ ಆಯಿತು, ಬೇರೆಯವರ ಕೈಲಿ ಆಗುತ್ತಿರಲಿಲ್ಲ. ರೈಲು ಹತ್ತಿಸಿದೆ, ಲೋಂಡಾದಲ್ಲಿ ಮಂಡಕ್ಕಿ ತಿನ್ನಿಸಿದೆ. ಆದರೆ ಸಾಹೇಬರ ಕಂಪೌಂಡಿಗೆ ಬಂದ ಮೇಲೆ ಅವನು ನೆಲದ ಮೇಲೆ ನಿಂತು ವಂಶ ಹೇಳಲು ಒಲ್ಲೆ ಎಂದ. ಎತ್ತು ಬೇಕು. ಅವನ ಎತ್ತಿಗೆ ಯಾವ ಸ್ಟೇಶನ್ ಮಾಸ್ತರ ಟಿಕೀಟು ಕೊಟ್ಟಾನು? ಓಡಾಡಿ ಒಬ್ಬ ಗಾಣಿಗನ ಎತ್ತು ತಂದೆ. ಹೆಳವ ಕಾಲಿಗೆ ಕಂಬಳಿ ಹೊದ್ದು ಅದರ ಮೇಲೆ ಕೂತು ಬಾಯಿ ತೆಗೆದದ್ದೇ ತಡ, ಗಾಣದ ಎತ್ತು ತನ್ನ ರೂಢಿಯಂತೆ ಅಂಗಳದ ಬೇವಿನ ಮರ ಸುತ್ತತೊಡಗಿತು. ಮೇಲೆ ಹೆಸರು ಹೇಳುತ್ತ ಹೆಳವ, ಹಿಂದೆ ಪುಸ್ತಕ ಹಿಡಿದು ಬರೆಯುತ್ತ ಸಾಹೇಬರು, ಅವರ ಹಿಂದೆ ಶಾಯಿಯ ದವತಿ ಹಿಡಿದು ಎಲನ್, ಅವಳ ಹಿಂದೆ, ಹೆಸರು ಬಿಡಿಸಿ ಹೇಳುವ ನೆವದಲ್ಲಿ, ನಿನ್ನ ಮಗ. ಲಗ್ನಕ್ಕೆ ಮೊದಲೇ ಏಳು ಸುತ್ತು ದಾಟಿಸಿದ್ದರು ಕಳ್ಳರು.

ಇದ್ದಕ್ಕಿದ್ದಂತೆ ಹೆಳವ ಗಂಟೆ ಬಾರಿಸಿದ. ಎತ್ತು ನಿಂತಿತು.

"ಇದು ಯಾರು?" ಎಂದು ಸಾಹೇಬರು ಲೇಖನಿ ಎತ್ತಿದರು. ನಾನು ರುಮಾಲು ಸರಿಮಾಡಿಕೊಂಡೆ. ಬಸವರಾಜನ ಮುಖ ಬಿಳಚಿತು. ಹೆಳವನೇ ಹೇಳಿದ, ಬೇರೆ ಧರ್ಮದವಳ ಜೋಡಿ ಹೋದವನು ಎಂದು.

"ಅವನ ಹೆಸರು ನಿನಗೆ ಗೊತ್ತಿಲ್ಲವೇ?"

"ಗೊತ್ತಿಲ್ಲದ ಏನ್ರಿ? ಮರತಿದ್ರ ಸುಮ್ಮನ ಮುಂದ ಹೋಗತಿದ್ದೆ. ಗಂಟಿ ಯಾಕ ಬಾರಸಲಿ? ನಮ್ಮಜ್ಜ ನನಗ ಗಂಟಿ ಕೆಳಗಿನ ಹೆಸರನ್ನ ಮೊದಲು ಕಲಿಸಿದ." ಅಷ್ಟು ಹೇಳಿ ಒಂದೇ ಉಸಿರಿಗೆ, "ರುದ್ರಪ್ಪ, ಅವನ ಹೆಂಡತಿ ಫಾತಿಮಾ, ಅವರಿಗೆ ಮೂರು ಗಂಡು, ಎರಡು ಹೆಣ್ಣು, ಈಗ ಗದಗಿನ್ಯಾಗ ಅದಾರ" ಎಂದ. "ಅವರ ಬಾಗಿಲಿಗೂ ವರ್ಷಾ ಹೋಗತೀನ್ರಿ. ಅಲ್ಲಿ ಇದಽ ಬುಡದಿಂದ ಹೇಳ್ತೀನಿ. ಗಂಟಿ ಅಂದ್ರ ಹಾದಿ ಕವಲೊಡೀತು ಅಂತ. ಕಡದು ಹೋತು ಅಂತಲ್ಲ."

ಕೇಳಿದೆಯಾ ಅಕ್ಕ? ಮೂವತ್ತು ವರ್ಷ ನೀನು ಯಾವುದಕ್ಕೆ ಅಂಜಿದೆ? ಒಂದು ಸಲ ಆ ಹೆಳವನನ್ನೇ ಕೇಳಿದ್ದರೆ...

ಸಾಹೇಬರು ಹೆಸರುಗಳನ್ನೆಲ್ಲ ಬರೆದುಕೊಂಡು, "ನನ್ನ ಮಗಳು ಈ ಮನೆಗೆ ಬಂದರೆ ಅವಳ ಹೆಸರಿಗೂ ಗಂಟೆಯೇ?" ಎಂದು ಕೇಳಿದರು. "ಹಿರ್‍ಯಾರು ಒಪ್ಪದಿದ್ರ ಗಂಟಿ," ಎಂದ ಹೆಳವ. "ಒಪ್ಪಿದ್ರ ಗಂಡನ ಹೆಸರಿನ ಜೋಡಿ ಅಕೀ ಹೆಸರು, ಹೆಣ್ಣು ಕೊಟ್ಟ ಮನೀ ಹೆಸರು ಎರಡೂ ಹೇಳ್ತೀನಿ. ಹುಡುಗನ ತಾಯಿ ಒಪ್ಪಿದ್ಲೇನು?"

ಎಲ್ಲರೂ ನನ್ನನ್ನು ನೋಡಿದರು. ಎತ್ತೂ ನೋಡಿತು.

"ಒಪ್ಪಿ ಹೋಗ್ಯಾಳ," ಎಂದೆ. "ನನ್ನ ಕೈ ಹಿಡಿದು ಹೇಳ್ಯಾಳ."

ಅದೇ ಸುಳ್ಳು. ಕೈ ಹಿಡಿದದ್ದು ನಿಜ, ಅಷ್ಟೇ. ಸಾಹೇಬರು ಪುಸ್ತಕ ಮುಚ್ಚಿ, ಹೆಸರು ಬಿಡದ ಮಂದಿಯ ಮನೆಗೆ ಹೆಣ್ಣು ಕೊಡುತ್ತೇನೆ ಎಂದರು. ಜೊತೆಗೇ, "ನಾನು ಎಣಿಸಿದ್ದು ಹದಿನಾಲ್ಕು ತಲೆ. ಉಳಿದ ಇಪ್ಪತ್ತಾರು?" ಎಂದು ಕೇಳಿದರು. "ಅವರು ಭಾಳ ಹಳೇ ಮಂದಿ ಸಾಹೇಬ್ರ, ಪ್ಯಾಟಿಗೆ ಬರಂಗಿಲ್ಲ" ಎಂದೆ. ಅವತ್ತು ಮೊದಲ ಸಲ ಅವರು ನಕ್ಕರು. ರಜಿಸ್ಟ್ರಾರ್ ಕಚೇರಿಯಲ್ಲಿ ಲಗ್ನವಾಯಿತು. ಅವರ ಗುಡಿಯಲ್ಲಿ ಆಗಬೇಕಾದ ಶಾಸ್ತ್ರ ಬೇರೆಯೇ ಇದೆಯಂತೆ, ಅದು ಸಮುದ್ರದಾಚೆ. ಆ ದುಃಖ ಸಾಹೇಬರಿಗೆ ಇನ್ನೂ ಇದೆ. ಮುಂದೆ ನೋಡೋಣ ಎನ್ನುತ್ತಾರೆ.

ನಿನ್ನ ಸೊಸೆಗೆ ಈಗ ನಮ್ಮ ಮಾತು ಬರುತ್ತದೆ. ಚಹಾ ಕುಡಿಯದಿದ್ದರೂ ನನಗೆ ಮಾಡಿಕೊಡುತ್ತಾಳೆ, ಕೆಟ್ಟದಾಗಿ. ಒಂದು ದಿನ ಬಟ್ಟಲು ಮುಂದಿಟ್ಟು, "ಮಾವಾರ, ಅತ್ತಿ ಖರೇನ ಒಪ್ಪಿದ್ರೇನ್ರಿ?" ಎಂದಳು. ಸುಂಕದ ಕಟ್ಟೆಯ ಅಧಿಕಾರಿಗೆ, ಗಿರಾಕಿಗೆ, ಸ್ವಾಮಿಗಳಿಗೆ ಸಲೀಸಾಗಿ ಸುಳ್ಳು ಹೇಳುವ ನಾನು ಅವಳಿಗೆ ಹೇಳಲಾರದೆ ಹೋದೆ. "ಇಲ್ಲವ್ವ," ಎಂದೆ.

ಅವಳು ಸಿಟ್ಟಾಗಲಿಲ್ಲ. "ನಮ್ಮಪ್ಪ ಹೇಳ್ತಾರ, ಸತ್ತವರನ್ನೂ ಕೇಳಬೇಕಂತ. ಹೂಂ ಅನ್ನೂದು, ಒಲ್ಲೆ ಅನ್ನೂದು ಅವರಿಗೆ ಬಿಟ್ಟಿದ್ದು. ನೀವು ಕೇಳೇ ಇಲ್ಲಲ್ರಿ. ಕೇಳ್ರಿ."

ಬಸವರಾಜನಿಗೂ ಹೇಳಿದೆ. ಅವನು ಔಷಧದ ಬಾಟಲಿ ಒರೆಸುತ್ತ, "ನನಗ ಅವತ್ತಽ ಗೊತ್ತಿತ್ತು ಮಾವ. ಒಪ್ಪಿದ್ರ ಅವ್ವ ಮೊದಲು ನನಗ ಹೇಳತಿದ್ಲು, ನಿನಗಲ್ಲ" ಎಂದ. ಗೊತ್ತಿದ್ದೂ ಆ ಸುಳ್ಳನ್ನು ನನ್ನೊಬ್ಬನ ತಲೆಯ ಮೇಲೆ ಹೊರಿಸಿದ್ದ ನೋಡು. ನಿನ್ನ ಮಗನೇ ಸರಿ. ಆದರೆ ಅಂದಿನಿಂದ ಅವನೂ ಆ ಗಂಟೆಗೆ ಅಂಜುತ್ತಿದ್ದ.

ಈ ಸುಗ್ಗಿಗೆ ಎಲ್ಲರೂ ಊರಿಗೆ ಹೋಗಿದ್ದೆವು, ಸಾಹೇಬರೂ ಪುಸ್ತಕ ಹಿಡಿದು ಬಂದಿದ್ದರು. ಹೆಳವ ತನ್ನ ಸ್ವಂತ ಎತ್ತಿನ ಮೇಲೆ ಬಂದ. ಅವನು ಬಾಯಿ ತೆಗೆಯುವ ಮೊದಲೇ ಜಗಲಿ ತುಂಬ ಜನರ ಮುಂದೆ ನಾನು ಹೇಳಿಬಿಟ್ಟೆ: ಅವತ್ತು ಆಡಿದ್ದು ಸುಳ್ಳು, ನಮ್ಮಕ್ಕ ಒಪ್ಪಿರಲಿಲ್ಲ. ಹೆಳವ ನನ್ನನ್ನು ನೋಡಿದ, ಗಂಟೆಯನ್ನು ನೋಡಿದ. ಎಲನ್‌ಳ ತೊಡೆಯ ಮೇಲಿದ್ದ ಐದು ತಿಂಗಳ ಕೂಸನ್ನು ನೋಡಿದ.

"ಕೂಸಿನ ಹೆಸರೇನು?"

"ಗಂಗವ್ವ," ಎಂದಳು ಎಲನ್.

ನೀನು ಕೇಳದೆ ಹೋದ ಸುದ್ದಿ ಇದು, ಅಕ್ಕ. ನಿನ್ನ ಮೊಮ್ಮಗಳು. ನಿನ್ನದೇ ಮೂಗು, ನಿನ್ನದೇ ಹಟ, ಕಣ್ಣು ಮಾತ್ರ ಸಾಹೇಬರದು.

"ಒಲ್ಲೆ ಅಂದಾಕಿ ತಿರುಗಿ ಇದಽ ಮನಿಗೆ ಯಾಕ ಬರ್ತಾಳ?" ಎಂದ ಹೆಳವ. ಬುಡದಿಂದ ಶುರುಮಾಡಿದ. ರುದ್ರಪ್ಪನ ಸರದಿಗೆ ಗಂಟೆ ಬಾರಿಸಿದ. ಬಸವರಾಜ ಕಣ್ಣು ಮುಚ್ಚಿಕೊಂಡ. ನಾನು ದೇವರಿಗೆ ಆ ವರ್ಷದ ತಪಕೀರು ಬಿಡುತ್ತೇನೆಂದು ಹರಕೆ ಹೊತ್ತೆ. "ಬಸವರಾಜ," ಎಂದ ಹೆಳವ, "ಅವನ ಹೆಂಡತಿ ಎಲನ್, ಖಡಕಿ ಹಾರ್ಪರ ಮನೆತನದಾಕಿ, ಅವರ ಮಗಳು ಗಂಗವ್ವ." ಗಂಟೆ ಅವನ ಕಂಬಳಿಯ ಮೇಲೆ ಸುಮ್ಮನೆ ಮಲಗಿತ್ತು.

ತಿರುಗಿ ಹುಟ್ಟುವುದನ್ನು ಸಾಹೇಬರು ಒಪ್ಪುವುದಿಲ್ಲ. ನೀನು ನಿನ್ನ ಜಾಗದಲ್ಲಿ ನಮಗಾಗಿ ಕಾಯುತ್ತಿದ್ದೀಯಂತೆ. ಹೆಳವ ಒಪ್ಪುವುದಿಲ್ಲ, ನೀನು ತೊಟ್ಟಿಲಲ್ಲಿ ಇದ್ದೀಯಂತೆ. ಇಬ್ಬರೂ ರಾತ್ರಿ ಊಟದತನಕ ವಾದ ಮಾಡಿ ಸುಸ್ತಾದರು. ನನಗೆ ಎರಡೂ ಅನುಕೂಲ. ಅದಕ್ಕೇ ಎರಡು ಕಡೆಯೂ ಕೇಳುತ್ತಿದ್ದೇನೆ. ಈ ಕಾಗದವನ್ನು ಮೊದಲು ಕೂಸಿಗೆ ಓದಿ ಹೇಳಿ, ಆಮೇಲೆ ನಿನ್ನ ಗದ್ದುಗೆಯ ಹತ್ತಿರ ಇಡುತ್ತೇನೆ. ಒಪ್ಪಿದೆಯಾ, ಅಕ್ಕ?

ಒಲ್ಲೆ ಅನ್ನುವುದಿದ್ದರೆ ಗಂಟೆಯನ್ನು ನೀನೇ ಬಾರಿಸು. ಅಂಗಡಿಯ ಬಾಗಿಲಲ್ಲಿ ಕಿವಿಗೊಟ್ಟು ಕೂತಿದ್ದೇನೆ. ಬೆಳಗಿನಿಂದ ಎರಡು ಟಾಂಗಾ ಹೋದವು. ಅವುಗಳ ಗಂಟೆಯನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ.