ದ್ರಾಕ್ಷಾಯಣಿಯ ದಿನದ ಜಗಳ

ಬಂಗೂರನಗರ, ದಾಂಡೇಲಿ
ಸೋಮವಾರ, ೨೦ ಜನವರಿ ೨೦೨೫

ಪ್ರೀತಿಯ ಕಿರಣಾ,

ಹೇಗಿದ್ದೀಯಪ್ಪಾ? ಕೆಮ್ಮು ಬಿಟ್ಟಿತೋ, ಇನ್ನೂ ಎದೆಯಲ್ಲೇ ಕೂತಿದೆಯೋ? ಗೋವಾದ ಆ ಖೋಲಿಯ ಗೋಡೆ ಮಳೆಗಾಲ ಮುಗಿದರೂ ಒಣಗುವುದಿಲ್ಲವೆಂದು ನೀನೇ ಹೇಳಿದ್ದೆ. ಹಾಸಿಗೆಯನ್ನು ಕಿಟಕಿಯ ಕಡೆಗೆ ಎಳೆದುಕೋ. ಗಡಿಯ ರಾಮನಗರದ ಮೇಲೆ ಗೋವಾ ಕಡೆ ಹೋಗುವವರು ಯಾರಾದರೂ ಸಿಕ್ಕರೆ ಶೇಂಗಾ ಹೋಳಿಗೆ ಕಳಿಸುತ್ತೇನೆ. ಇಲ್ಲಿ ನಾನು, ಅಣ್ಣ ಉದಯ, ವೈನಿ ರಾಜಶ್ರೀ ಎಲ್ಲರೂ ಆರಾಮ ಇದ್ದೇವೆ. ದಿನಾ ಫೋನ್ ಮಾಡುವ ಮಗನಿಗೆ ಅವ್ವ ಕಾಗದ ಯಾಕೆ ಬರೆದಳೆಂದು ಗಾಬರಿಯಾಗಬೇಡ. ಫೋನಿನಲ್ಲಿ ನೀನು ‘ಊಟ ಆತೇನವ್ವಾ, ಗುಳಿಗಿ ತಗೊಂಡ್ಯಾ’ ಎನ್ನುತ್ತೀ, ನಾನು ಹೂಂ ಎನ್ನುವಷ್ಟರಲ್ಲಿ ‘ಇಡ್ತೇನಿ’ ಎನ್ನುತ್ತೀ. ನನ್ನ ಸುದ್ದಿ ಅಷ್ಟರಲ್ಲಿ ಹಿಡಿಸುವಂಥದ್ದಲ್ಲ.

ಹೋದ ಶ್ರಾವಣದಲ್ಲಿ ಆದದ್ದು ನಿನಗೆ ಅರ್ಧ ಮಾತ್ರ ಗೊತ್ತು. ಹಳಿಯಾಳದಿಂದ ನಿನ್ನ ಸೋದರತ್ತೆ ಮಹಾದೇವಕ್ಕ ಬಂದು ಬಾಗಿಲಲ್ಲಿ ನಿಂತಾಗ ಮುಖದ ಗುರುತು ಸಿಕ್ಕಿತು, ಹೆಸರು ಬರಲಿಲ್ಲ. ನೀರು ಕೊಟ್ಟೆ, ಚಹಾ ಕೊಟ್ಟೆ, ರಾಜಶ್ರೀಯಿಂದ ಉಡಿ ತುಂಬಿಸಿ ಕಳಿಸಿದೆ, ಆದರೂ ಬರಲಿಲ್ಲ. ಹಾಲು ಉಕ್ಕಿ ಹೋದದ್ದಕ್ಕೆ, ಕೀಲಿಕೈ ಫ್ರಿಜ್ಜಿನಲ್ಲಿ ಸಿಕ್ಕಿದ್ದಕ್ಕೆ ನಾನೇ ನಕ್ಕಿದ್ದೆ. ಅವತ್ತು ಮಾತ್ರ ಅಡುಗೆಮನೆಯಲ್ಲಿ ಕೂತು ಅತ್ತುಬಿಟ್ಟೆ. ನಿನ್ನ ಅಜ್ಜಿ ದುರ್ಗವ್ವ ಕೊನೆಗಾಲದಲ್ಲಿ, ಹೆತ್ತ ಮಗಳಾದ ನನ್ನನ್ನೇ ‘ಯಾರ ಪೈಕಿ ನೀ’ ಎಂದು ಕೇಳಿದ್ದಳು. ನಾನೂ ಒಂದು ದಿನ ನಿಮ್ಮನ್ನು ಹಾಗೆ ಕೇಳಿಬಿಡುತ್ತೇನೇನೋ ಎಂಬುದೇ ನನ್ನ ಹೆದರಿಕೆಯಾಗಿತ್ತು.

ಧಾರವಾಡದ ಡಾಕ್ಟರು ರಕ್ತ ನೋಡಿ, ವಿಟಮಿನ್ ಕಡಿಮೆಯಿದೆಯೆಂದು ಗುಳಿಗೆ ಕೊಟ್ಟರು, ಚಳಿಗಾಲದಲ್ಲಿ ಮತ್ತೆ ನೋಡಿಯೇ ಏನನ್ನಾದರೂ ಹೇಳುವೆ ಎಂದರು. ಮನೆಯಲ್ಲಿ ನನ್ನ ಸ್ಥಿತಿ ಕೇಳು. ನಿಮ್ಮಪ್ಪ ತೀರಿಕೊಂಡ ಮೇಲೆ ‘ಅವ್ವಗ ಟೆನ್ಷನ್ ಕೊಡೂದ ಬ್ಯಾಡ’ ಎಂದು ನೀವು ಅಣ್ಣತಮ್ಮಂದಿರು ಠರಾವು ಮಾಡಿಕೊಂಡಿದ್ದಿರಲ್ಲ, ಅದು ಇನ್ನೂ ಗಟ್ಟಿಯಾಯಿತು. ರಾಜಶ್ರೀ ಉಪ್ಪಿನ ಡಬ್ಬಿಯನ್ನೂ ನನ್ನ ಕೈಗೆ ಕೊಡಲಿಲ್ಲ. ಅವಳು ಚಿನ್ನದಂಥ ಸೊಸೆ, ತಪ್ಪು ತಿಳಿಯಬೇಡ. ಆದರೆ ಟೀವಿಯ ಮುಂದೆ ಕೂತವಳಿಗೆ ಬುಧವಾರ ಯಾವುದು, ಗುರುವಾರ ಯಾವುದು ಎನ್ನುವುದೂ ತಿಳಿಯದಂತಾಯಿತು.

ಮುಂಡಗೋಡದಲ್ಲಿ ನಿನ್ನ ಅಕ್ಕ ದ್ರಾಕ್ಷಾಯಣಿ ರೊಟ್ಟಿ ಮಾಡಿ ಮಾರುತ್ತಾಳಲ್ಲ, ದಸರೆ ಕಳೆದ ಮೇಲೆ ಯಾರದೋ ಮದುವೆಯ ಅಡುಗೆಯನ್ನೂ ಒಪ್ಪಿಕೊಂಡು ಕೂತಳು. ಜೊತೆಗಿದ್ದ ಈರಕ್ಕ ಕೈ ಸುಟ್ಟುಕೊಂಡು ಮನೆ ಸೇರಿದ್ದೇ ತಡ, ಅಳುತ್ತ ನನಗೆ ಫೋನು. ‘ಅವ್ವಾ, ಮರ್ಯಾದಿ ಹೋಗತೈತಿ, ಹೆಂಗ ಮಾಡ್ಲಿ ಹೇಳು.’ ಉದಯ ಫೋನು ಕಸಿದುಕೊಂಡು ‘ಅವ್ವನ ತಲಿ ಯಾಕ ತಿಂತಿ’ ಎಂದು ಬೈದ. ನಾನು ಅವನ ಕೈಯಿಂದ ತಿರುಗಿ ಕಿತ್ತುಕೊಂಡೆ. ಅಂದಿನಿಂದ ಅವಳ ಕಾಟ ತಪ್ಪಿಲ್ಲ. ಹೂರಣ ಯಾಕೆ ಸಡಿಲಾಯಿತು, ಎಣ್ಣೆಗಾಯಿಗೆ ಗುರೆಳ್ಳು ಎಷ್ಟು, ಕೈ ಸುಟ್ಟಾಗ ನೋಡಲು ಬರಲಿಲ್ಲವೆಂದು ಸಿಟ್ಟಾದ ಈರಕ್ಕನನ್ನು ತಿರುಗಿ ಕರೆಯುವುದು ಹೇಗೆ. ಹೇಳಿದ್ದನ್ನು ಸುಮ್ಮನೆ ಕೇಳುವವಳೂ ಅಲ್ಲ. ‘ನಿನ್ನಿ ಬ್ಯಾರೆ ಹೇಳಿದ್ದಿ, ಇವತ್ತ ಬ್ಯಾರೆ ಹೇಳ್ತಿ’ ಎಂದು ಜಗಳಕ್ಕೇ ಬರುತ್ತಾಳೆ. ನಿನ್ನೆ ಹೇಳಿದ್ದನ್ನು ನೆನಪಿಡದೆ ಅವಳ ಮುಂದೆ ನಾನು ಗೆಲ್ಲುವುದುಂಟೇ? ಸ್ನಾನ ಮಾಡುವಾಗಲೂ ನಾಳೆಯ ವಾದಕ್ಕೆ ತಯಾರಿ ನಡೆದಿರುತ್ತಿತ್ತು. ಇದರ ನಡುವೆ ಯಾವಾಗಲೋ ಮಹಾದೇವಕ್ಕನ ಹೆಸರು, ಅವಳ ಮೊಮ್ಮಕ್ಕಳ ಹೆಸರು ತಾವಾಗಿಯೇ ಬಂದವು.

ಮೊನ್ನೆ ಶನಿವಾರ ಡಾಕ್ಟರು ಮತ್ತೆ ಎಲ್ಲ ಕೇಳಿದರು, ಕಾಗದದ ಮೇಲೆ ಗಡಿಯಾರದ ಚಿತ್ರ ಬರೆಸಿದರು, ಒಂದಿಷ್ಟು ಶಬ್ದ ಹೇಳಿ ಆಮೇಲೆ ತಿರುಗಿ ಕೇಳಿದರು. ಎಲ್ಲ ಹೇಳಿದೆ. ‘ಅಜ್ಜೀ, ದಿನಾ ಯಾರ ಜೋಡಿ ಮಾತಾಡ್ತೀರಿ’ ಎಂದರು. ‘ಮಾತಾಡೂದಿಲ್ರಿ, ಮಗಳ ಜೋಡಿ ಜಗಳಾ ಆಡ್ತೇನ್ರಿ’ ಎಂದೆ. ನಕ್ಕುಬಿಟ್ಟರು. ರಕ್ತದಲ್ಲಿ ಕಡಿಮೆಯಿದ್ದದ್ದು ತುಂಬಿದೆ, ಎಲ್ಲವೂ ಜಗಳದಿಂದಲೇ ಆಯಿತೆನ್ನಲು ಬರುವುದಿಲ್ಲ ಎಂದು ಉದಯನಿಗೆ ಬಿಡಿಸಿ ಹೇಳಿದರು. ಆದರೆ ಮಕ್ಕಳು ಬರೀ ಕ್ಷೇಮ ಕೇಳಿದರೆ ಸಾಲದು, ಅವ್ವನ ತಲೆಗೂ ಮನಸ್ಸಿಗೂ ಕೆಲಸ ಕೊಡುವ ಮಾತಾಡಬೇಕು ಎಂದರು. ನಿನ್ನ ಅಜ್ಜಿಯ ರೋಗದ ಲಕ್ಷಣ ಸದ್ಯ ನನ್ನಲ್ಲಿ ಕಾಣುತ್ತಿಲ್ಲವಂತೆ. ಎದೆಯ ಭಾರ ಇಳಿಯಿತು ಕಿರಣಾ. ಬರುವಾಗ ಹಳಿಯಾಳ ಬರುವವರೆಗೂ ಬಸ್ಸಿನಲ್ಲಿ ಉದಯನ ಹೆಗಲ ಮೇಲೆ ತಲೆಯಿಟ್ಟು ನಿದ್ದೆ ಮಾಡಿದೆ. ಈಗ ಒಗ್ಗರಣೆ ನನ್ನದೇ, ರಾಜಶ್ರೀ ಬದನೆಕಾಯಿ ಹೆಚ್ಚಿ ಕೊಡುತ್ತಾಳೆ.

ಉಳವಿಯ ಚನ್ನಬಸವಣ್ಣ ನಿನ್ನನ್ನು ಚೆನ್ನಾಗಿಟ್ಟಿರಲಿ. ಹೊತ್ತಿಗೆ ಸರಿಯಾಗಿ ಉಣ್ಣು. ಅಣ್ಣ, ವೈನಿ ನಿನ್ನನ್ನು ಕೇಳಿದ್ದಾರೆ.

ನಿನ್ನ ಅವ್ವ,
ಸುನಂದಾ

ತಾ.ಕ.: ಇದನ್ನು ಮರೆತು ಕೆಳಗೆ ಬರೆದದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಡ್ಯೂಟಿಗೆ ಹೋದರೆ ಫೋನನ್ನು ಫ್ಯಾಕ್ಟರಿಯ ಗೇಟಿನಲ್ಲೇ ಇಟ್ಟು ಹೋಗಬೇಕೆಂದು ಕೆಲಸಕ್ಕೆ ಸೇರಿದ ಹೊಸದರಲ್ಲಿ ನೀನೇ ಹೇಳಿದ್ದೆ. ದೀಪಾವಳಿಯಾದ ಮೇಲೆ ಬೆಳಿಗ್ಗೆ ಹತ್ತಕ್ಕೂ ಫೋನ್ ಮಾಡುತ್ತೀ, ಮಧ್ಯಾಹ್ನ ಮೂರಕ್ಕೂ ಮಾಡುತ್ತೀ. ಯಾವ ಪಾಳಿ ಎಂದರೆ ಮಾತು ಹಾರಿಸುತ್ತೀ. ನಿಮ್ಮಪ್ಪನ ಪಾಳಿ ನೋಡಿಕೊಂಡೇ ಒಲೆ ಹಚ್ಚಿದವಳು ನಾನು. ಕೆಲಸ ಹೋಗಿದೆ, ಅಲ್ಲವೇ ಮಗಾ? ನನಗೇನೂ ಆಗುವುದಿಲ್ಲ, ಡಾಕ್ಟರನ್ನೇ ಕೇಳು. ಅಣ್ಣನಿಗೆ ನಾನು ಇನ್ನೂ ಹೇಳಿಲ್ಲ. ನೀನು ಮೊದಲು ನನಗೆ ಹೇಳು.