ಇಪ್ಪತ್ತೆಂಟಕ್ಕೇ ನಿಂತ ಅಳತೆ

ಶನಿವಾರ, ಬೆಳಿಗ್ಗೆ

ನನ್ನ ಗುಬ್ಬಿಗೆ, ಅಮ್ಮನ ಸಾವಿರ ಮುತ್ತು.

ಕೆಟ್ಟ ಕನಸು ಬಿತ್ತು ಕಣೇ. ನಿನಗೆ ಅಂಗಿ ಹೊಲಿಯುತ್ತಿದ್ದೆ, ಎಷ್ಟು ತುಳಿದರೂ ಬಟ್ಟೆ ಮುಂದಕ್ಕೇ ಸರಿಯದು. ಎದ್ದವಳೇ ನಿನ್ನ ಎರಡೂ ಕಾಗದ ತೆಗೆದು ನೋಡಿದೆ. ಹದಿನೈದು ದಿನದ ಹಿಂದೆ ನರ್ಸು ಹೊಟ್ಟೆ ಅಳೆದಾಗ ಇಪ್ಪತ್ತೆಂಟು ಸೆಂಟಿಮೀಟರ್ ಎಂದು ಬರೆದಿದ್ದೀ, ಮೊನ್ನೆಯೂ ಇಪ್ಪತ್ತೆಂಟೇ. ಬಸುರಿಯ ಅಳತೆ ಹಾಗೆ ನಿಲ್ಲಬಾರದು. ಫೋನಿನಲ್ಲಿ ಹೇಳಹೋದರೆ ಅರ್ಧಕ್ಕೇ ಇಟ್ಟುಬಿಡುತ್ತೇನೆ. ಅದಕ್ಕೇ ಇಲ್ಲಿಗೆ ಬಂದು ಈಗ ವಾಪಸು ಹೊರಟಿರುವ ಅಳಿಯಂದಿರ ಕೈಯಲ್ಲೇ ಇದನ್ನು ಕಳಿಸುತ್ತಿದ್ದೇನೆ. ಐದನೇ ಕ್ಲಾಸಿಗೆ ಬಿಟ್ಟವಳ ಬರಹ, ನಗಬೇಡ.

ನೀನು ಹೊಟ್ಟೆಯಲ್ಲಿದ್ದಾಗ ನಾನು ಅಂಗಿ ಹೊಲಿಯುವ ಕಾರ್ಖಾನೆಯಲ್ಲಿ ಕಾಲರ್ ಕೂರಿಸುತ್ತಿದ್ದೆ. ಪಕ್ಕದವಳು ಗುಂಡಿ ಹಾಕುತ್ತಿದ್ದಳು, ಎಲ್ಲರಿಗೂ ಗುಂಡಿ ಅಕ್ಕ. ಎಂಥ ದಿನಗಳು ಅವು! ಊಟವಾದ ಮೇಲೆ ಇಪ್ಪತ್ತು ಹೆಂಗಸರು ಕಿಟಕಿಯ ಬಿಸಿಲಿಗೆ ಕಾಲು ಚಾಚಿ ಕೂರುತ್ತಿದ್ದೆವು. ಪ್ರತಿ ಶನಿವಾರ ಅಕ್ಕ ನನ್ನ ಹೊಟ್ಟೆಯ ಮೇಲೆ ಟೇಪು ಹಿಡಿದು, ಕತ್ತರಿಸುವ ಮೇಜಿನ ಅಂಚಿಗೆ ನೀಲಿ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದಳು. "ಈ ಗಿರಾಕಿ ವಾರವಾರ ಅಳತೆ ಬದಲಾಯಿಸುತ್ತೆ, ಹೆಸರು ಮಾತ್ರ ಹೇಳಲ್ಲ" ಎಂದು ಎಲ್ಲರನ್ನೂ ನಗಿಸುತ್ತಿದ್ದಳು.

ಏಳನೇ ತಿಂಗಳಲ್ಲಿ ಮೂರು ವಾರ ಗೆರೆ ಒಂದೇ ಜಾಗದಲ್ಲಿ ಬಿತ್ತು. ಟೇಪು ಹಳೆಯದು, ಜಗ್ಗಿಹೋಗಿದೆ ಎಂದೆ. "ಟೇಪಿಗೇನೂ ಆಗಿಲ್ಲ, ನಿಂಗೇ ಹೆದರಿಕೆ. ಏಳೇ ಮೇಲೆ!" ಎಂದು ಗದರಿ, ಮಿಷನ್ನು ನಿಲ್ಲಿಸಿ ಆಸ್ಪತ್ರೆಗೆ ಎಳೆದುಕೊಂಡು ಹೋದಳು. ಹೊಟ್ಟೆಯೊಳಗೆ ಮಗುವನ್ನು ಸಾಕುವ ಮಾಸು ಸರಿಯಾಗಿ ಬೇರೂರಿಲ್ಲ, ಮಗುವಿಗೆ ರಕ್ತ ಸಾಲುತ್ತಿಲ್ಲ ಎಂದರು ಡಾಕ್ಟರಮ್ಮ. ಕೆಲವು ದಿನ ಅಲ್ಲೇ ಮಲಗಿಸಿಕೊಂಡು, ಕೊನೆಗೆ ಆಪರೇಷನ್ ಮಾಡಿ ನಿನ್ನನ್ನು ತೆಗೆದರು. ಒಂದೂವರೆ ಕೇಜಿ. ಅಕ್ಕ ನಿನ್ನ ಮೊದಲ ಅಂಗಿಯನ್ನು ಒಂದು ಕರ್ಚೀಫಿನಲ್ಲಿ ಹೊಲಿದಳು, ಅದೂ ದೊಗಳೆ! ನಿನಗೆ ಮಾತ್ರ 'ಅವಸರದವಳು, ಬೇಗ ಬಂದುಬಿಟ್ಟೆ' ಎಂದಷ್ಟೇ ಹೇಳುತ್ತ ಬಂದೆ.

ನಿನ್ನ ನರ್ಸು ಎಲ್ಲ ಸರಿಯಿದೆ ಅಂದಿರಬಹುದು. ಆದರೂ ಇವತ್ತೇ ಹೋಗು. ಮಾಸಿನಿಂದ ಮಗುವಿಗೆ ರಕ್ತ ಹರಿಯುತ್ತಿದೆಯೇ ಎಂದು ಸ್ಕ್ಯಾನಿನಲ್ಲಿ ನೋಡಿಸು. ಬೈದರೆ ಬೈಸಿಕೋ.

ನಿನ್ನ ಪುಕ್ಕಲಿ
ಅಮ್ಮ

ಮರೆತದ್ದು: ಅಲ್ಲ, ಮುಚ್ಚಿಟ್ಟದ್ದು. ನಿನಗಿಂತ ಮುಂಚೆ ನಿನಗೊಬ್ಬ ಅಣ್ಣ ಇದ್ದ. ಆಗ ಎಂಟು ತಿಂಗಳಾದರೂ ರವಿಕೆಯ ಹೊಲಿಗೆ ಬಿಚ್ಚುವ ಕೆಲಸ ಬೀಳಲಿಲ್ಲವೆಂದು ನಾನು ಖುಷಿಪಟ್ಟಿದ್ದೆ. ಹುಟ್ಟಿದಾಗ ಅವನು ಅಳಲೇ ಇಲ್ಲ. ಅವನ ಮಾಸು ನನ್ನ ಅಂಗೈಯಷ್ಟೇ ಇತ್ತಂತೆ. ನಿನ್ನ ಆಸ್ಪತ್ರೆಯ ಕಾರ್ಡಿನಲ್ಲಿ ನಿನ್ನ ಅಮ್ಮನಿಗೆ, ಅಂದರೆ ನನಗೆ, ಎಷ್ಟು ಹೆರಿಗೆ ಎಂದೂ ಕೇಳಿರುತ್ತಾರೆ. ಏನು ಬರೆಸಿದ್ದೀ, ಇನ್ನೊಮ್ಮೆ ನೋಡು. ಒಂದು ಅಂತಿದ್ದರೆ ಎರಡು ಅಂತ ತಿದ್ದಿಸು.